ಶೇಕೋಟಿ

ಡಿಸೆಂಬರು, ರಾತ್ರಿ ಎರಡೂವರೆ.
ಖೋಡದ್ ಬಯಲಿನ ತಂತಿಬಲೆಯ ಬೋಗುಣಿಗಳೆಲ್ಲ
ಮುಗಿಲಿಗೆ ಬಾಯ್ದೆರೆದು ಕೂತಿವೆ.
ಪರದೆಯ ಮೇಲೆ ಕಿಡಿ, ಮತ್ತೆ ಕಿಡಿ,
ಯಾರೋ ಬಿಟ್ಟು ಬಿಟ್ಟು ಕೆಮ್ಮಿದ ಹಾಗೆ.
"ಎಂಜಿನ್ನು, ಈಶಾನ್ಯಕ್ಕೆ" ಅಂದ ಲೈನ್‌ಮನ್ ದಗಡು.
ಡೀಸೆಲ್ ಜೀಪು ಹತ್ತಿದೆವು.
ಪೆಟ್ರೋಲ್ ಗಾಡಿ ತೆಗೆದರೆ ಅದರ ಪ್ಲಗ್ಗೂ ಕೆಮ್ಮುತ್ತದೆ.

ದ್ರಾಕ್ಷಿತೋಟದಲ್ಲಿ ಬೆಂಕಿ.
ಸಾಲು ಬಿಟ್ಟು ಸಾಲಿಗೆ ಒಂದೊಂದು ಶೇಕೋಟಿ:
ಒಣಸೊಪ್ಪೆ, ಕತ್ತರಿಸಿದ ಬಳ್ಳಿ, ಅರ್ಧ ಟೈರು.
ಯಮಾಜಿ ಪೋಖರ್ಕರ್ ಕಿವಿಗೆ ಮಫ್ಲರ್ ಬಿಗಿದು
ಬುಡಕ್ಕೆ ನೀರು ಬಿಡುತ್ತಿದ್ದಾನೆ.
"ಐದು ಡಿಗ್ರಿಗಿಳಿದರೆ ಕಾಯಿ ಸೀಳುತ್ತದೆ ತಾಯೀ.
ನಿಮ್ಮ ರೇಡಿಯೋ ಕೇಳಲಿ ಅಂತ ನಾನು ಬೆಳೆ ಒಡೆಸಿಕೊಳ್ಳಲಾ?"

ನನ್ನದು ಸೊಲ್ಲಾಪುರದ ಮರಾಠಿ,
ಹೆಜ್ಜೆಗೊಮ್ಮೆ ಕನ್ನಡ ಕಾಲಿಗೆ ತೊಡರುತ್ತದೆ.
ನಾವೂ ಒಂದು ಶೇಕೋಟಿಯನ್ನೇ ಹುಡುಕುತ್ತಿದ್ದೇವೆ ಕಾಕಾ, ಅಂದೆ.
ಜಗತ್ತಿಗಿನ್ನೂ ನೂರು ಕೋಟಿ ವರ್ಷ ತುಂಬಿರಲಿಲ್ಲ.
ಎಲ್ಲೆಲ್ಲೂ ಹೈಡ್ರೋಜನ್,
ಬೆನ್ನ ಹಿಂದಿನ ಹಳೇ ಬೆಳಕಿಗಿಂತಲೂ ತಣ್ಣಗೆ.
ಕೊಡುವ ಕೈಯಲ್ಲ ಅದು, ಆ ಬೆಳಕನ್ನೇ ಕೊಂಚ ಕೊಂಚ ಕೀಳುವ ಕೈ.
ಮೊದಲ ನಕ್ಷತ್ರಗಳಲ್ಲಿ ಕೆಲವು ಸತ್ತು ಕಪ್ಪುಕುಳಿಯಾದವು,
ಜೊತೆಯವರನ್ನು ಎಳೆ ಎಳೆಯಾಗಿ ನುಂಗಿದವು,
ನುಂಗುವ ತುಟಿಯಂಚಿಗೆ ಎಕ್ಸ್‌-ರೇ ಸಿಡಿಯಿತು.
ಥಂಡಿ ಬಿಡತೊಡಗಿದ್ದು ಆಗ.

"ಎಕ್ಸ್‌-ರೇ ಅಂದರೆ, ಕಾಲು ಮುರಿದಾಗ ತೆಗೀತಾರಲ್ಲ, ಅದಾ?"

ಅದೇ. ಸೊಲ್ಲಾಪುರದ ಆಸ್ಪತ್ರೆಯೊಂದರ ನೆಲಮನೆಯಲ್ಲಿ
ಅಪ್ಪ ಮೂವತ್ತೊಂದು ವರ್ಷ ಅದನ್ನೇ ಹಚ್ಚಿ ಆರಿಸಿದ.
"ಉಸರ ಹಿಡೀರಿ... ಹಿಡೀರಿ... ಬಿಡ್ರಿ."
ಕೊಳವೆಯ ಬಾಯಿಗಿದ್ದ ಅಲ್ಯುಮಿನಿಯಂ ಹಾಳೆ ತೋರಿಸಿ ಒಮ್ಮೆ ಅಂದಿದ್ದ:
"ಮೆತ್ತನ್ನ ಕಿರಣ ತೊಗಲಿನ್ಯಾಗ ನಿಂತು ಸುಡತಾವ,
ಗಟ್ಟಿ ಕಿರಣ ದಾಟಿ ಹೋಗತಾವ.
ಮೆತ್ತನ್ನೂವನ್ನ ಈ ಹಾಳಿ ತಡೀತದ."
ಓದಿದ್ದೆಲ್ಲ ಆಮೇಲೆ. ಪಾಠ ಅಷ್ಟೇ.
ಹುಟ್ಟಿದ ಗೆಲಾಕ್ಸಿಯ ಸ್ವಂತ ಅನಿಲವೇ ಆ ಹಾಳೆ.
ತೆಳುವಾಗಿದ್ದರೆ ಮೆತ್ತನೆಯವೂ ನುಸುಳಿ
ಪಕ್ಕದಲ್ಲೇ ಕಾಯಿಸಿ ನಿಲ್ಲುತ್ತವೆ:
ಇಲ್ಲಿ ಬಿಸಿ, ಅಲ್ಲಿ ಥಂಡಿ, ಕೌದಿಯ ಹಾಗೆ ಆಕಾಶ.
ದಪ್ಪವಾಗಿದ್ದರೆ ಗಟ್ಟಿಯವಷ್ಟೇ ಹೊರಬಿದ್ದು
ದೂರ ದೂರ ಹೋಗಿ, ತಡವಾಗಿ,
ಎಲ್ಲವನ್ನೂ ಒಂದೇ ಸಮ ಬೆಚ್ಚಗೆ ಮಾಡುತ್ತವೆ. ತೇಪೆ ಕಾಣುವುದಿಲ್ಲ.

ಬೆಂಕಿ ಯಾವತ್ತೋ ಆರಿತು. ಉಳಿದದ್ದು ಹೈಡ್ರೋಜನ್ನಿನ ಗೊಣಗು.
ಗೇಣಿಗೆ ಬೆರಳು ಕಡಿಮೆ ಹೊರಟ ಅಲೆ
ಜಗತ್ತಿನ ಜೊತೆ ಹಿಗ್ಗಿ ಹಿಗ್ಗಿ
ಖೋಡದ್ ಮುಟ್ಟುವಾಗ ಆಳುದ್ದ.
ಅದರ ಮೇಲೆ ಪುಣೆಯ ಎಫ್‌ಎಂ, ಮುಂಬಯಿಯ ವಿಮಾನ,
ನಾರಾಯಣಗಾಂವದ ತಮಾಷಾ ಫಡದ ಜನರೇಟರು,
ಈಗ ನಿಮ್ಮ ಎಂಜಿನ್ನು.

ಯಮಾಜಿ ಸಾಲುಗಳತ್ತ ನೋಡಿದ.
"ಬೆಂಕಿ ಎಲ್ಲಿತ್ತು ಅಂತ ನಾನೂ ಹೇಳಬಲ್ಲೆ.
ಬೂದಿ ಬೇಡ. ಮಾರ್ಚಿನಲ್ಲಿ ಗೊಂಚಲು ನೋಡಿದರೆ ಸಾಕು.
ನಿಮಗೆ ಸಿಕ್ಕಿತಾ?"
ಇಲ್ಲ.
ಸಿಕ್ಕದ್ದು ಒಂದು ಗೆರೆ: ಇದಕ್ಕಿಂತ ಹೆಚ್ಚಿಲ್ಲ, ಅನ್ನುವ ಗೆರೆ.
ವರ್ಷಕ್ಕಿಷ್ಟು ಅದನ್ನು ಕೆಳಗಿಳಿಸುತ್ತೇವೆ.
"ಅದಕ್ಕೂ ಸಂಬಳ ಇದೆಯಾ?" ದಗಡು ನಕ್ಕ. ನಾನೂ.

"ಇಪ್ಪತ್ತು ನಿಮಿಷ ನೀರು ನಿಲ್ಲಿಸುತ್ತೇನೆ.
ಬೆಂಕಿ ಮಾತ್ರ ಆರಿಸಲ್ಲ."
ಇರಲಿ ಕಾಕಾ, ಅದು ಕೆಮ್ಮುವುದಿಲ್ಲ.

ಎಂಜಿನ್ನು ನಿಂತಿತು.
ಜೀಪು ಚಾಲೂ ಮಾಡಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತೆವು.
ಮುಖ ಬೆಚ್ಚಗೆ, ಬೆನ್ನು ಥಂಡಿ.
ಟೈರಿನ ಹೊಗೆ ಶಿವನೇರಿಯ ಕಡೆ ವಾಲಿತು.
ನಾನು ಉಸಿರು ಹಿಡಿದಿದ್ದೇನೆಂದು
ಬಿಟ್ಟ ಮೇಲೆ ಗೊತ್ತಾಯಿತು.

ಬೆಳಿಗ್ಗೆ ಲಾಗ್ ಪುಸ್ತಕದಲ್ಲಿ ಬರೆದೆ:
ಮೂರು ಹನ್ನೆರಡರಿಂದ ಮೂರು ಮೂವತ್ತೊಂದು, ಸ್ವಚ್ಛ.
ಒಂದು ನಿಮಿಷ ಮೊದಲೇ ಶುರು ಮಾಡಿದ್ದ ಮುದುಕ.